ಗಾಲಿಯ ಮೇಲಣ ಮನೆವಾರ್ತೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಕಟ್ಟಿದ ಮನೆಯನ್ನು ಗಾಲಿಯ ಮೇಲೇರಿಸಿ, ಅದಕ್ಕೊಂದು ಎಂಜಿನ್ ಜೋಡಿಸಿ, ಹೆಂಡತಿ ಮಕ್ಕಳು ಪಾತ್ರೆ ಪದಾರ್ಥಗಳ ಸಮೇತ ಗಂಟೆಗೆ ಅರುವತ್ತು ಮೈಲಿಯ ವೇಗದಲ್ಲಿ ಓಡಿಸಿ ನೋಡು ಎಂಬ ಮೂರನೆಯ ಮಾತನ್ನು ಅವರು ಸೇರಿಸಲಿಲ್ಲ. ಅಂಥ ವಸ್ತುವೊಂದು ಲೋಕದಲ್ಲಿ ಉಂಟಾದೀತೆಂದು ಅವರು ಎಣಿಸಿರಲಾರರು. ಅಮೆರಿಕದಲ್ಲಿ ಅದು ಉಂಟಾಗಿದೆ. ಮೋಟರ್‌ಹೋಮ್ ಎಂದು ಅಲ್ಲಿಯವರು ಕರೆಯುವ ಆ ವಸ್ತುವನ್ನು ನಾವು ಮೋಟಾರುಮನೆ ಎಂದರೆ ತಪ್ಪಾಗಲಾರದು. ಮಗಳ ಮನೆಗೋ ಮಗನ ಮನೆಗೋ ಅಮೆರಿಕಕ್ಕೆ ಹೋಗಿ ಬಂದ ನಮ್ಮ ಕಡೆಯ ಹಿರಿಯರಲ್ಲಿ ಹಲವರು ಈಚೆಗೆ ಅದರಲ್ಲಿ ಕುಳಿತು ನಾಲ್ಕಾರು ದಿನ ತಿರುಗಿಯೂ ಬಂದಿದ್ದಾರೆ. ಯೊಸೆಮಿಟಿಯ ಜಲಪಾತದ ವಿಚಾರ ಅವರಿಂದ ಬೇಕಾದಷ್ಟು ಕೇಳಬಹುದು. ಅಡುಗೆಯ ಕಟ್ಟೆಯ ಕೆಳಗೆ ತೊಟ್ಟಿಕ್ಕಿದ ನೀರಿನ ವಿಚಾರ ಹೇಳುವವರು ಕಡಮೆ. ಈ ಲೇಖನ ಆ ಎರಡನೆಯ ನೀರನ್ನು ಕುರಿತದ್ದು.

ಸ್ಥಾವರವಾದ ಮನೆಗೂ ಜಂಗಮವಾದ ವಾಹನಕ್ಕೂ ಮಾಡಿಸಿದ ಮದುವೆ ಇದು. ಎರಡು ಕುಲಗಳ ಗುಣ ಕೂಡಿ ಬಂದಂತೆ ಎರಡು ಕುಲಗಳ ಕಾಯಿಲೆಗಳೂ ಕೂಡಿ ಬಂದಿವೆ. ಟೈರು, ಬ್ರೇಕು, ರೇಡಿಯೇಟರುಗಳ ಬೇನೆ ಒಂದು ಕಡೆ; ನಲ್ಲಿ, ಒಲೆ, ಚರಂಡಿ, ಸೂರುಗಳ ಬೇನೆ ಇನ್ನೊಂದು ಕಡೆ. ಇವೆರಡೂ ಅಲ್ಲದ, ಮದುವೆಯಿಂದಲೇ ಹುಟ್ಟಿದ ಮೂರನೆಯ ಬಗೆಯೂ ಉಂಟು. ನೆಲದ ಮೇಲೆ ನಿಂತ ಮನೆ ತನ್ನ ಆಯುಷ್ಯದಲ್ಲಿ ಒಮ್ಮೆ ಭೂಕಂಪವನ್ನು ಕಂಡರೆ ಹೆಚ್ಚು. ಮೋಟಾರುಮನೆಗೆ ಭೂಕಂಪ ನಿತ್ಯಕರ್ಮ. ಬೆಳಗ್ಗೆ ಹೊರಟು ಸಂಜೆ ನಿಲ್ಲುವವರೆಗೆ ಅದರ ಒಂದೊಂದು ತಿರುಪೂ ಒಂದೊಂದು ಕೊಳವೆಯ ಬೆಸುಗೆಯೂ ಅಲುಗುತ್ತಲೇ ಇರುತ್ತವೆ. ಬೀರುವಿನ ಬಾಗಿಲು ತಾನಾಗಿ ತೆರೆದು ತಟ್ಟೆಗಳು ನಡೆದುಬರುವುದು ಈ ಭೂಕಂಪದ ಸೌಮ್ಯವಾದ ಫಲ. ಕಣ್ಣಿಗೆ ಕಾಣದ ಫಲಗಳು ಗೋಡೆಯ ಹಿಂದೆ ನಡೆಯುತ್ತಿರುತ್ತವೆ.

ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಊರಿನ ಮನೆಯಲ್ಲಿ ನಾವು ನಲ್ಲಿ ತಿರುಗಿಸುತ್ತೇವೆ, ನೀರು ಬರುತ್ತದೆ; ಎಲ್ಲಿಂದ ಬಂತೆಂದು ಕೇಳುವುದಿಲ್ಲ. ಬಳಸಿದ ನೀರು ಹೋಗುತ್ತದೆ. ಎಲ್ಲಿಗೆ ಹೋಯಿತೆಂದೂ ಕೇಳುವುದಿಲ್ಲ. ಕೇಳದೆ ಇರುವುದಕ್ಕಾಗಿಯೇ ನಾವು ಕಂದಾಯ ಕೊಡುತ್ತೇವೆ ಎಂದರೂ ಸರಿಯೇ. ಮೋಟಾರುಮನೆಯವನು ನಗರಸಭೆ, ವಿದ್ಯುತ್ ಮಂಡಳಿ, ಒಳಚರಂಡಿ, ಗ್ಯಾಸಿನ ಅಂಗಡಿ ಈ ನಾಲ್ಕನ್ನೂ ತನ್ನ ಹಾಸಿಗೆಯ ಕೆಳಗೆ ಕಟ್ಟಿಕೊಂಡು ಹೊರಡುತ್ತಾನೆ. ನಾವು ಏರಿದ ಗಾಡಿಯಲ್ಲಿ ಶುದ್ಧಜಲದ ತೊಟ್ಟಿ ಹಿಡಿಯುತ್ತಿದ್ದುದು ಸುಮಾರು ನೂರೈವತ್ತು ಲೀಟರು. ಅಷ್ಟರಲ್ಲಿ ಐದು ಜನರ ಸ್ನಾನ, ಪಾತ್ರೆ, ಅಡುಗೆ ಎಲ್ಲ ಮುಗಿಯಬೇಕು. ಯಾವುದು ಕೆಟ್ಟರೂ ದೂರು ಕೊಡುವ ಕಚೇರಿ ಇಲ್ಲ. ಇದ್ದರೆ ಅದರ ಅಧಿಕಾರಿಯೂ ನೀವೇ, ಜವಾನನೂ ನೀವೇ. ಮೋಟಾರುಮನೆಯ ಪ್ರವಾಸದಲ್ಲಿ ದುರಸ್ತಿ ಎಂಬುದು ಪ್ರವಾಸಕ್ಕೆ ಬಂದ ಅಡ್ಡಿಯಲ್ಲ, ಪ್ರವಾಸದ ಒಂದು ಭಾಗವೇ ಎಂದು ಒಪ್ಪಿಕೊಂಡವನಿಗೆ ಮಾತ್ರ ಅದರಲ್ಲಿ ಸುಖವುಂಟು.

ಮೊದಮೊದಲು ಹೀಗಿರಲಿಲ್ಲ. ೧೯೧೦ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಪಿಯರ್ಸ್ ಆರೋ ಕಂಪೆನಿಯವರು ಪ್ರದರ್ಶಿಸಿದ ಟೂರಿಂಗ್ ಲ್ಯಾಂಡೋ ಎಂಬ ಗಾಡಿಯನ್ನು ಈ ವಂಶದ ಮೂಲಪುರುಷರಲ್ಲಿ ಒಂದೆಂದು ಎಣಿಸುತ್ತಾರೆ. ಅದರ ಹಿಂದಿನ ಪೀಠ ಮಡಿಚಿದರೆ ಮಂಚವಾಗುತ್ತಿತ್ತು. ಚಾಲಕನ ಪೀಠದ ಬೆನ್ನಿನಲ್ಲಿ ಕೈತೊಳೆಯುವ ಬೋಗುಣಿ. ಚಾಲಕನೊಡನೆ ಮಾತಾಡಲು ಒಂದು ಟೆಲಿಫೋನು. ಟೆಲಿಫೋನಿದ್ದ ಮೇಲೆ ಯಜಮಾನನ ಕೈಗೆ ಎಣ್ಣೆ ಮೆತ್ತುವ ಪ್ರಸಂಗ ಬರಲಿಲ್ಲವೆಂದು ಊಹಿಸಬಹುದು. ಆದರೆ ಯಜಮಾನರೆಲ್ಲರೂ ಹಾಗಿರಲಿಲ್ಲ. ಹೆನ್ರಿ ಫೋರ್ಡ್, ಥಾಮಸ್ ಎಡಿಸನ್, ಟೈರಿನ ಹಾರ್ವೆ ಫೈರ್‌ಸ್ಟೋನ್, ವನಸಿರಿಯನ್ನು ಕುರಿತು ಬರೆದ ಜಾನ್ ಬರೋಸ್ ಈ ನಾಲ್ವರು ಬೇಸಗೆಯಲ್ಲಿ ಗಾಡಿಗಳ ಸಾಲು ಕಟ್ಟಿಕೊಂಡು ಬಯಲಿನಲ್ಲಿ ಡೇರೆ ಹಾಕುತ್ತ ತಿರುಗುತ್ತಿದ್ದರು. ೧೯೧೮ರ ಪ್ರವಾಸದಲ್ಲಿ, ಪೆನ್ಸಿಲ್ವೇನಿಯದ ಕಾನೆಲ್ಸ್‌ವಿಲ್ ಎಂಬಲ್ಲಿ, ಒಂದು ಗಾಡಿಯ ಫ್ಯಾನು ಮುರಿದು ರೇಡಿಯೇಟರನ್ನು ತೂತು ಮಾಡಿತು. ಪಿಟ್ಸ್‌ಬರ್ಗಿನಿಂದ ಹೊಸ ಭಾಗ ಬಾರದೆ ಆಗದೆಂದು ಊರಿನ ಮೆಕ್ಯಾನಿಕ್ಕುಗಳು ತಲೆಯಾಡಿಸಿದರು. ಫೋರ್ಡ್ ಮಹಾಶಯರು ಕೋಟು ಕಳಚಿ, ತೋಳು ಮಡಿಚಿ, ತಾವೇ ಅದನ್ನು ಸರಿಪಡಿಸಿದರೆಂದು ಬರೋಸ್ ಬರೆದಿಟ್ಟಿದ್ದಾರೆ. ಕೆಟ್ಟ ಗಾಡಿಯ ಪಕ್ಕದಲ್ಲಿ ಹೆನ್ರಿ ಫೋರ್ಡ್ ನಿಂತಿರುವ ಭಾಗ್ಯ ಎಲ್ಲರಿಗೂ ಒದಗುವುದಿಲ್ಲ ಎಂಬುದೊಂದೇ ತೊಡಕು.

೧೯೧೯ರಲ್ಲಿ ಫ್ಲಾರಿಡದ ಟ್ಯಾಂಪದಲ್ಲಿ ಟಿನ್ ಕ್ಯಾನ್ ಟೂರಿಸ್ಟ್ಸ್ ಎಂಬ ಬಳಗವೊಂದು ಕೂಡಿತು. ಇವರು ಶ್ರೀಮಂತರಲ್ಲ. ಕಾರಿಗೆ ತಾವೇ ಹಲಗೆ ಕಿತ್ತಾನು ಹೊಡೆದು ಮನೆ ಮಾಡಿಕೊಂಡವರು. ಖಾಲಿ ತಗಡಿನ ಡಬ್ಬಿಯನ್ನು ರೇಡಿಯೇಟರಿನ ಮುಚ್ಚಳಕ್ಕೆ ಬೆಸೆದುಕೊಂಡು ಅದನ್ನೇ ಬಿರುದೆಂದು ಮೆರೆದವರು. ಮುಂದೆ ೧೯೬೬ರಲ್ಲಿ ಅಯೋವ ಸಂಸ್ಥಾನದ ಫಾರೆಸ್ಟ್ ಸಿಟಿಯ ವಿನಿಬೇಗೊ ಕಾರ್ಖಾನೆ ಮೋಟಾರುಮನೆಗಳನ್ನು ಸಾಲಾಗಿ ತಯಾರಿಸತೊಡಗಿದ ಮೇಲೆ ಗುಮಾಸ್ತನೂ ಶಾಲಾ ಉಪಾಧ್ಯಾಯನೂ ಅದರ ಒಡೆಯರಾದರು. ಒಡೆಯರಾದಂತೆ ಮೆಕ್ಯಾನಿಕ್ಕುಗಳೂ ಆದರು.

ನಾವು ಹೋದದ್ದು ೩೯೫ನೆಯ ಹೆದ್ದಾರಿಯಲ್ಲಿ. ಕ್ಯಾಲಿಫೋರ್ನಿಯದ ಮೊಹಾವಿ ಮರುಭೂಮಿಯನ್ನು ಹಾದು, ಸಿಯೆರ ನೆವಾಡ ಪರ್ವತಶ್ರೇಣಿಯ ಪೂರ್ವದ ಬುಡದಲ್ಲಿ ಉತ್ತರಕ್ಕೆ ಸಾಗುವ ದಾರಿ ಅದು. ಗಾಡಿ ಬಾಡಿಗೆಯದು. ಒಪ್ಪಿಸುವ ಮುನ್ನ ಕಂಪೆನಿಯ ಹುಡುಗನೊಬ್ಬ ಸುಮಾರು ಒಂದು ಗಂಟೆಯ ಕಾಲ ಗುಂಡಿಗಳನ್ನೂ ತಿರುವುಗಳನ್ನೂ ತೋರಿಸುತ್ತ ಹೋದ. ಅಳಿಯ ಅದನ್ನೆಲ್ಲ ಫೋನಿನಲ್ಲಿ ಚಿತ್ರ ತೆಗೆದುಕೊಂಡ. “ಇದೇಕಪ್ಪಾ?” ಎಂದೆ. “ಮಾವ, ಇದೆಲ್ಲ ರಾತ್ರಿ ಎರಡು ಗಂಟೆಗೆ ಬೇಕಾಗತ್ತೆ, ಆಗ ಈ ಹುಡುಗ ಇರೋಲ್ಲ” ಎಂದ. ಬಾಡಿಗೆ ಹಿಡಿಯುವವರಿಗೆ ಇದಕ್ಕಿಂತ ಉಪಯುಕ್ತವಾದ ಸಲಹೆಯನ್ನು ನಾನು ಕೊಡಲಾರೆ. ಮೊದಲ ಸಂಜೆಯೇ ಅಡುಗೆಮನೆಯ ಪ್ಲಗ್ಗುಗಳು ಒಟ್ಟಿಗೆ ಸತ್ತುಹೋದವು. ದೊಡ್ಡ ಕಾಯಿಲೆಯೇ ಇರಬೇಕೆಂದು ಎಲ್ಲರ ಮುಖವೂ ಬಾಡಿತು. ಕಾರಣ ಸ್ನಾನದ ಕೋಣೆಯಲ್ಲಿತ್ತು. ಅಲ್ಲಿನ ಸಾಕೆಟ್ಟಿನ ನಡುವೆ ಒಂದು ಪುಟ್ಟ ಗುಂಡಿ. ವಿದ್ಯುತ್ತು ಸೋರಿದ ಸುಳಿವು ಸಿಕ್ಕರೆ ಅದು ಚಟ್ಟನೆ ಹಾರಿ, ತನ್ನ ಸಾಲಿನ ಪ್ಲಗ್ಗುಗಳನ್ನೆಲ್ಲ ಆರಿಸುತ್ತದೆ. ಒತ್ತಿದರೆ ಸರಿ. ಗುಂಡಿ, ಆಮೇಲೆ ಫ್ಯೂಸು, ಆಮೇಲೆ ಬ್ಯಾಟರಿಯ ತಂತಿಯ ತುದಿ, ಈ ಕ್ರಮದಲ್ಲಿ ನೋಡಿಕೊಂಡು ಬಂದರೆ ವಿದ್ಯುತ್ತಿನ ತಂಟೆಗಳಲ್ಲಿ ಹೆಚ್ಚಿನವು ಅಲ್ಲಿಗೇ ಮುಗಿಯುತ್ತವೆ. ಬ್ಯಾಟರಿಯ ವಿಷಯದಲ್ಲಿ ಒಂದು ಲೆಕ್ಕವನ್ನು ನೆನಪಿಡಬೇಕು. ಹಳೆಯ ಸೀಸದ ಬ್ಯಾಟರಿ ತುಂಬಿದಾಗ ಮೀಟರು ೧೨.೬ ವೋಲ್ಟು ತೋರಿಸುತ್ತದೆ, ೧೨.೨ಕ್ಕೆ ಇಳಿಯಿತೆಂದರೆ ಅರ್ಧ ಖಾಲಿ. ಅಂಕಿಗಳ ನಡುವಿನ ಅಂತರ ಇಷ್ಟು ಚಿಕ್ಕದು. ಅರ್ಧಕ್ಕಿಂತ ಕೆಳಗೆ ಮತ್ತೆ ಮತ್ತೆ ಇಳಿಸಿದರೆ ಅದರ ಆಯುಷ್ಯ ತೀರುತ್ತದೆ.

ಅಲ್ಲಿ ನಾನು ಕಂಡ ವಸ್ತುಗಳಲ್ಲೆಲ್ಲ ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು ತಂಪುಪೆಟ್ಟಿಗೆ. ನಮ್ಮ ಮನೆಗಳ ಫ್ರಿಜ್ಜಿನಲ್ಲಿ ಗುಂಯ್ಗುಡುವ ಯಂತ್ರವೊಂದಿದೆ. ಇದರಲ್ಲಿ ಸದ್ದೂ ಇಲ್ಲ, ತಿರುಗುವ ಭಾಗವೂ ಇಲ್ಲ. ಹಿಂಭಾಗದಲ್ಲಿ ಒಂದು ಪುಟ್ಟ ಗ್ಯಾಸಿನ ಜ್ವಾಲೆ ಉರಿಯುತ್ತಿರುತ್ತದೆ, ಮುಂಭಾಗದಲ್ಲಿ ಹಾಲು ತಣ್ಣಗಿರುತ್ತದೆ. ಬೆಂಕಿಯಿಂದ ತಂಪನ್ನು ಹುಟ್ಟಿಸುವ ಈ ಬಗೆಯನ್ನು ೧೯೨೨ರಲ್ಲಿ ಸ್ಟಾಕ್‌ಹೋಮಿನ ತಾಂತ್ರಿಕ ವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, ಕಂಡುಹಿಡಿದರು. ವಿದ್ಯುತ್ತಿಲ್ಲದ ಊರುಗಳ ಆಸ್ಪತ್ರೆಗಳಲ್ಲಿ ಸೀಮೆಎಣ್ಣೆಯ ದೀಪದಿಂದ ನಡೆಯುತ್ತಿದ್ದ ತಂಪುಪೆಟ್ಟಿಗೆಗಳೂ ಇದೇ ಕುಲದವು. ಜ್ವಾಲೆಯು ನೀರಿನಲ್ಲಿ ಕರಗಿರುವ ಅಮೋನಿಯವನ್ನು ಕುದಿಸಿ ಮೇಲಕ್ಕಟ್ಟುತ್ತದೆ. ಅದು ಮೇಲೆ ತಣಿದು ದ್ರವವಾಗುತ್ತದೆ. ಅಲ್ಲಿಂದ ಇಳಿದು ಜಲಜನಕದ ನಡುವೆ ಆವಿಯಾಗುವಾಗ ಪೆಟ್ಟಿಗೆಯೊಳಗಿನ ಶಾಖವನ್ನು ಹೀರಿಕೊಳ್ಳುತ್ತದೆ. ಮತ್ತೆ ನೀರಿನಲ್ಲಿ ಕರಗಿ, ಕೊಳವೆಗಳಲ್ಲಿ ಜಿನುಗುತ್ತ, ಜ್ವಾಲೆಯ ಬಳಿಗೆ ಮರಳುತ್ತದೆ. ದ್ರವವನ್ನು ಕೆಳಗಿಳಿಸಲು ಪಂಪು ಇಲ್ಲ. ಭೂಮಿಯ ಆಕರ್ಷಣೆಯೇ ಆ ಕೆಲಸ ಮಾಡಬೇಕು.

ಇಲ್ಲಿಯೇ ಅದರ ಬೇನೆಯ ಗುಟ್ಟೂ ಇರುವುದು. ನೀರು ತಗ್ಗಿಗೆ ಹರಿಯಬೇಕಾದರೆ ಕೊಳವೆಯ ತಗ್ಗು ತಗ್ಗಾಗಿಯೇ ಇರಬೇಕಲ್ಲವೆ? ಗಾಡಿಯನ್ನು ಓರೆಯಾದ ನೆಲದಲ್ಲಿ ನಿಲ್ಲಿಸಿ ಪೆಟ್ಟಿಗೆಯನ್ನು ಉರಿಯಲು ಬಿಟ್ಟರೆ ದ್ರವವು ಕೊಳವೆಯ ಮೂಲೆಯಲ್ಲೆಲ್ಲೋ ನಿಂತುಬಿಡುತ್ತದೆ. ಜ್ವಾಲೆಯ ಬಳಿ ಕೊಳವೆ ಒಣಗಿ ಕಾಯುತ್ತದೆ. ತುಕ್ಕು ತಡೆಯಲೆಂದು ಬೆರೆಸಿದ ಲವಣ ಹರಳುಗಟ್ಟಿ ದಾರಿಯನ್ನು ಮುಚ್ಚುತ್ತದೆ. ಒಮ್ಮೆ ಮುಚ್ಚಿದ ದಾರಿ ಮತ್ತೆ ತೆರೆಯುವುದು ಅಪರೂಪ. ಓಡುವಾಗ ಗಾಡಿ ಅತ್ತಿತ್ತ ತೂಗುವುದರಿಂದ ಇಷ್ಟು ಅಪಾಯವಿಲ್ಲ, ನಿಂತಾಗಲೇ ಅಪಾಯ. ಆದಕಾರಣ ಮೋಟಾರುಮನೆಯವರು ಬಿಡಾರ ಹೂಡಿದೊಡನೆ ಮಾಡುವ ಮೊದಲ ಕೆಲಸ ನಮ್ಮ ಗಾರೆಮೇಸ್ತ್ರಿಗಳ ಕೆಲಸ: ರಸಮಟ್ಟವನ್ನು ನೆಲದ ಮೇಲಿಟ್ಟು ಗುಳ್ಳೆ ನಡುವೆ ನಿಲ್ಲುವ ತನಕ ಗಾಲಿಗಳ ಕೆಳಗೆ ಹಲಗೆ ಕೊಡುವುದು. ಹೊರಗಡೆ ಸೂರ್ಯಾಸ್ತ ನಡೆಯುತ್ತಿರುತ್ತದೆ, ಇವರು ಗುಳ್ಳೆಯನ್ನು ನೋಡುತ್ತಿರುತ್ತಾರೆ. ಪೆಟ್ಟಿಗೆಯ ಹಿಂಬದಿಯ ಜಾಲರಿ ತೆರೆದಾಗ ಹಳದಿಯ ಪುಡಿ ಕಂಡು, ಮೂಗಿಗೆ ಅಮೋನಿಯ ಬಡಿಯಿತೆಂದರೆ ಕೊಳವೆ ಒಡೆದಿದೆ ಎಂದರ್ಥ. ಗ್ಯಾಸನ್ನೂ ವಿದ್ಯುತ್ತನ್ನೂ ಆ ಕ್ಷಣವೇ ನಿಲ್ಲಿಸಬೇಕು. ಸಮುದ್ರಮಟ್ಟದಿಂದ ಐದೂವರೆ ಸಾವಿರ ಅಡಿಗಿಂತ ಮೇಲೇರಿದರೆ ಗಾಳಿ ತೆಳುವಾಗಿ ಜ್ವಾಲೆ ಸರಿಯಾಗಿ ಉರಿಯದು. ಆಗ ಬಿಡಾರದ ವಿದ್ಯುತ್ತಿಗೆ ಜೋಡಿಸುವುದು ಲೇಸು. ಈಗಿನ ಹೊಸ ಗಾಡಿಗಳಲ್ಲಿ ಬ್ಯಾಟರಿಯಿಂದ ನಡೆಯುವ ಸಾಮಾನ್ಯ ಫ್ರಿಜ್ಜುಗಳು ಬರುತ್ತಿವೆ. ಅವಕ್ಕೆ ಇಷ್ಟು ಮಡಿಯಿಲ್ಲ.

ಇನ್ನು ಟೈರಿನ ಮಾತು. ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ ೧೯೬೦ರಲ್ಲಿ ಲಾರಿಯೊಂದರ ಬೆನ್ನಿಗೆ ಪುಟ್ಟ ಮನೆಯನ್ನು ಕೂರಿಸಿಕೊಂಡು, ಚಾರ್ಲಿ ಎಂಬ ನಾಯಿಯೊಡನೆ ಅಮೆರಿಕವನ್ನು ಸುತ್ತಿಬಂದರು. ಡಾನ್ ಕ್ವಿಕ್ಸೋಟನ ಕುದುರೆಯ ಹೆಸರನ್ನೇ ಗಾಡಿಗೆ ಇಟ್ಟಿದ್ದರು: ರೋಸಿನಾಂಟೆ. ಅವರು ಬರೆದ ಪ್ರವಾಸಕಥನದಲ್ಲಿ ನನಗೆ ಅತಿ ಪ್ರಿಯವಾದದ್ದು ಒಗೆಯುವ ಡಬ್ಬಿ. ಮುಚ್ಚಳವಿರುವ ಕಸದ ತೊಟ್ಟಿಯೊಂದನ್ನು ಎಳೆದರೆ ಹಿಗ್ಗುವ ಹಗ್ಗದಿಂದ ತೂಗುಹಾಕಿ, ಬಟ್ಟೆ ನೀರು ಸಾಬೂನು ತುಂಬಿಬಿಡುವುದು. ದಿನವಿಡೀ ಗಾಡಿ ಕುಲುಕಿ ಸಂಜೆಗೆ ಬಟ್ಟೆ ಶುಭ್ರ! ಭೂಕಂಪವನ್ನೇ ಅಗಸನ ಕೆಲಸಕ್ಕೆ ಹಚ್ಚಿದ ಜಾಣ್ಮೆ ಅದು. ಆದರೆ ಸಾಮಾನು ಹೇರುವುದರಲ್ಲಿ ಅವರಿಗೆ ಹಿಡಿತವಿರಲಿಲ್ಲ. ಉಪಕರಣ, ಪುಸ್ತಕ, ಆಹಾರ ಎಲ್ಲವೂ ಬೇಕಾದುದಕ್ಕಿಂತ ಎಷ್ಟೋ ಪಾಲು ಹೆಚ್ಚು. ಪುಸ್ತಕ ಹೇಳುವಂತೆ ಒರೆಗನ್ ಸಂಸ್ಥಾನದಲ್ಲಿ, ಮಳೆ ಸುರಿಯುವ ಭಾನುವಾರ, ಹಿಂದಿನ ಟೈರೊಂದು ಒಡೆಯಿತು. ಕೆಸರುನೀರಿನಲ್ಲಿ ಮಲಗಿ ಅದನ್ನು ಬದಲಿಸಿದ್ದಾಯಿತು. ನೋಡಿದರೆ ಇನ್ನೊಂದು ಟೈರೂ ಕೊನೆಯುಸಿರೆಳೆಯುತ್ತಿತ್ತು. ಆ ಭಾರಕ್ಕೆ ತಕ್ಕ ಟೈರು ಭಾನುವಾರದಂದು ಯಾರ ಬಳಿಯೂ ಸಿಗುವಂಥದಲ್ಲ. ನೋಡಿದರೆ ಭಯವಾಗುವಂಥ ರೂಪಿನ ಪೆಟ್ರೋಲ್ ಬಂಕಿನವನೊಬ್ಬ ಊರೂರಿಗೆ ಟೆಲಿಫೋನು ಮಾಡಿ ಅದನ್ನು ದೊರಕಿಸಿಕೊಟ್ಟ. ೧೯೬೨ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಲೇಖಕ ತನ್ನ ಗ್ರಂಥದಲ್ಲಿ ಆ ಬಂಕಿನವನಿಗೆ ಕೊಟ್ಟಿರುವ ಮರ್ಯಾದೆ ಪ್ರಾಂಜಲವಾದದ್ದು.

ಅಂದಿಗೂ ಇಂದಿಗೂ ಮೋಟಾರುಮನೆಯ ಟೈರು ಸವೆದು ಸಾಯುವುದು ಕಡಮೆ, ಕುಳಿತು ಸಾಯುವುದೇ ಹೆಚ್ಚು. ವರ್ಷದ ಹತ್ತು ತಿಂಗಳು ಬಿಸಿಲಿನಲ್ಲಿ ನಿಂತು ರಬ್ಬರು ಒಳಗೊಳಗೇ ಬಿರಿಯುತ್ತದೆ. ಹೊರಗಿನ ಅಚ್ಚು ಮಾತ್ರ ಹೊಸದರಂತೆ ಮೆರೆಯುತ್ತದೆ. ಆದ್ದರಿಂದ ಟೈರಿನ ಮುಖವನ್ನಲ್ಲ, ಜಾತಕವನ್ನು ನೋಡಬೇಕು. ಅದರ ಪಕ್ಕೆಯಲ್ಲಿ ಒತ್ತಿರುವ ಸಂಕೇತದ ಕೊನೆಯ ನಾಲ್ಕು ಅಂಕಿಗಳೇ ಜಾತಕ: ೩೨೧೯ ಎಂದಿದ್ದರೆ ೨೦೧೯ನೆಯ ಇಸವಿಯ ಮೂವತ್ತೆರಡನೆಯ ವಾರದಲ್ಲಿ ಹುಟ್ಟಿದ್ದು. ಐದಾರು ವರ್ಷ ಮೀರಿದ್ದನ್ನು ತಿಳಿದವರು ನಂಬುವುದಿಲ್ಲ. ಹಿಂದಿನ ಗಾಲಿಗಳು ಜೋಡಿಯಾಗಿದ್ದರೆ ಒಳಗಿನದರ ಗಾಳಿ ಇಳಿದದ್ದು ಹೊರಗಿನವರಿಗೆ ತಿಳಿಯುವುದೇ ಇಲ್ಲ. ಹೊರಗಿನದು ಭಾರವನ್ನೆಲ್ಲ ಹೊತ್ತು, ಕಾಯ್ದು, ಒಂದು ಮಧ್ಯಾಹ್ನ ಸಿಡಿಯುತ್ತದೆ. ಬೆಳಗಿನ ತಂಪಿನಲ್ಲಿ, ಗಾಡಿ ಅಲುಗುವ ಮೊದಲು, ಆರೂ ಟೈರುಗಳ ಒತ್ತಡವನ್ನು ಅಳೆಯಬೇಕು. ಹಲವು ಮೋಟಾರುಮನೆಗಳಲ್ಲಿ ಸ್ಟೆಪ್ನಿಯೇ ಇರುವುದಿಲ್ಲ ಎಂಬುದನ್ನೂ ಹೊರಡುವ ಮುನ್ನ ತಿಳಿದಿರುವುದು ಕ್ಷೇಮ.

ಬಿಷಪ್ ಎಂಬ ಊರಿನಿಂದ ಉತ್ತರಕ್ಕೆ ಶೆರ್ವಿನ್ ಏರು. ಸುಮಾರು ನಾಲ್ಕು ಸಾವಿರ ಅಡಿಯಿಂದ ಏಳು ಸಾವಿರ ಅಡಿಗೆ ಹೆದ್ದಾರಿ ಒಂದೇ ಸಮನೆ ಹತ್ತುತ್ತದೆ. ಏರಿನ ಭಯ ಎಂಜಿನ್ನಿಗೆ: ಕಾವಿನ ಮುಳ್ಳು ಮೇಲೇರತೊಡಗಿದರೆ ತಂಪಿನ ಯಂತ್ರವನ್ನು ಆರಿಸಿ, ಹೊರಗಿನ ಬೇಗೆಯ ಮೇಲೆ ಒಳಗೆ ಹೀಟರನ್ನೂ ಹಚ್ಚಿ ಕೂರಬೇಕು, ಎಂಜಿನ್ನಿನ ಜ್ವರವನ್ನು ಮನೆಯವರೆಲ್ಲ ಹಂಚಿಕೊಂಡಂತೆ. ಆದರೆ ಪ್ರಾಣದ ಮಾತು ಇಳಿಜಾರಿನದು. ಐದು ಟನ್ನಿನ ಮನೆಯನ್ನು ಬ್ರೇಕಿನ ಮೇಲೇ ಹಿಡಿದು ಇಳಿಸಿದರೆ ಬ್ರೇಕು ಕಾಯ್ದು, ವಾಸನೆ ಬಂದು, ಕೊನೆಗೆ ಕಾಲು ಒತ್ತಿದರೂ ಕೇಳದಂತಾಗುತ್ತದೆ. ಹತ್ತಿದ ಗೇರಿನಲ್ಲೇ ಇಳಿ ಎಂದು ನಮ್ಮ ಆಗುಂಬೆ, ಚಾರ್ಮಾಡಿ ಘಾಟಿಗಳ ಲಾರಿ ಚಾಲಕರು ಹೇಳುವ ಮಾತೇ ಅಲ್ಲಿಯೂ ಮಾತು. ಅಳಿಯ ಕೆಳಗಿನ ಗೇರಿಗೆ ಹಾಕಿದಾಗ ಎಂಜಿನ್ನು ಗೂಳಿಯಂತೆ ಗುಟುರು ಹಾಕಿತು. ಹೆಂಗಸರು ಏನೋ ಮುರಿಯಿತೆಂದು ಕೂಗಿಕೊಂಡರು. ಏನೂ ಮುರಿದಿರಲಿಲ್ಲ. ಎಂಜಿನ್ನು ಕೂಗುವುದು ಬ್ರೇಕು ಮೌನವಾಗಿರಲೆಂದೇ.

ಎತ್ತರದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಉತ್ತರ ಕ್ಯಾರೊಲಿನದ ಡರ್ಹಮ್ ನಗರದಲ್ಲಿ ೧೧ ಅಡಿ ೮ ಅಂಗುಲ ಎತ್ತರದ ರೈಲ್ವೆ ಸೇತುವೆಯೊಂದಿತ್ತು. ಅದರ ಕೆಳಗೆ ನುಗ್ಗಿ ಸೂರು ಸುಲಿಸಿಕೊಂಡ ಬಾಡಿಗೆ ಲಾರಿಗಳೂ ಮೋಟಾರುಮನೆಗಳೂ ನೂರಕ್ಕೂ ಮಿಗಿಲು. ೨೦೧೯ರ ಅಕ್ಟೋಬರಿನಲ್ಲಿ ಅದನ್ನು ಎಂಟು ಅಂಗುಲ ಎತ್ತರಿಸಿದರು. ಎತ್ತರಿಸಿದ ಮೇಲೂ ತಗುಲಿಕೊಳ್ಳುವವರಿದ್ದಾರೆ. ಗಾಡಿಯ ಎತ್ತರವನ್ನು ಚೀಟಿಯಲ್ಲಿ ಬರೆದು ಚಾಲಕನ ಕಣ್ಣೆದುರು ಅಂಟಿಸಿದರೆ ಈ ದುರಸ್ತಿಯ ವೆಚ್ಚ ಪೂರ್ತಿಯಾಗಿ ಉಳಿಯುತ್ತದೆ.

ಗ್ಯಾಸಿನಲ್ಲಿ ವಿನೋದವಿಲ್ಲ. ಪ್ರೊಪೇನು ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿ ನೀರಿನಂತೆ ಮಡುಗಟ್ಟುತ್ತದೆ. ಎಚ್ಚರಿಕೆಯ ಗಂಟೆಯನ್ನು ಕಾಲ ಬುಡದಲ್ಲಿ ಕೂರಿಸಿರುವುದು ಅದಕ್ಕಾಗಿ. ಅದರೊಳಗೆ ಬೆರೆಸಿರುವ ದುರ್ವಾಸನೆ ಒಂದು ಉಪಕಾರ. ಸರಿಯಾಗಿ ಉರಿಯದ ಒಲೆಯಿಂದಲೂ ಜನರೇಟರಿನಿಂದಲೂ ಬರುವ ಕಾರ್ಬನ್ ಮಾನಾಕ್ಸೈಡಿಗೆ ಆ ಉಪಕಾರವೂ ಇಲ್ಲ. ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕಿಟಕಿಗಳ ನಡುವೆ ಮಲಗಿದವರು ಮಲಗಿದಂತೆಯೇ ಹೋಗುತ್ತಾರೆ. ಜನರೇಟರನ್ನು ಓಡಬಿಟ್ಟು ನಿದ್ದೆ ಮಾಡಬಾರದು. ಚಳಿಗೆಂದು ಅಡುಗೆಯ ಒಲೆಯನ್ನು ಹಚ್ಚಿ ಕೂರಬಾರದು. ಗಂಟೆಯ ಹಿಂಬದಿಯಲ್ಲಿ ಅಚ್ಚಾದ ತಾರೀಖನ್ನು ನೋಡಬೇಕು, ಏಕೆಂದರೆ ಆ ಗಂಟೆಗಳಿಗೂ ಕೆಲವೇ ವರ್ಷಗಳ ಆಯುಷ್ಯ. ಬೇರೆ ಯಾವ ದುರಸ್ತಿಯನ್ನು ಬೇಕಾದರೂ ನಾಳೆಗೆ ಬಿಡಬಹುದು.

ಮಲಜಲದ ತೊಟ್ಟಿಯ ವಿಚಾರವನ್ನು ಭಾನುವಾರದ ಓದಿಗೆ ತಕ್ಕಷ್ಟು ಚುಟುಕಾಗಿ ಮುಗಿಸುತ್ತೇನೆ. ಅದರ ಬಾಗಿಲನ್ನು ಸದಾ ತೆರೆದಿಟ್ಟರೆ ನೀರು ಹರಿದುಹೋಗಿ ಉಳಿದದ್ದು ಗುಡ್ಡೆಗಟ್ಟುತ್ತದೆ. ಮುಕ್ಕಾಲುಪಾಲು ತುಂಬಿದ ಮೇಲೆ ಒಮ್ಮೆಲೇ ತೆರೆಯಬೇಕು. ಮೊದಲು ಅದು, ಆಮೇಲೆ ಸ್ನಾನದ ನೀರು. ಎರಡನೆಯದು ಕೊಳವೆಯನ್ನು ತೊಳೆಯುತ್ತದೆ. ಕೈಗವಸು ಬೇಕು. ನಮ್ಮ ಮನೆಯಲ್ಲಿ ಈ ಕೆಲಸವನ್ನು ಅಳಿಯ ಯಾರನ್ನೂ ಕೇಳದೆ ವಹಿಸಿಕೊಂಡ. ಆ ದಿನದಿಂದ ನಮ್ಮಾಕೆಗೆ ಅವನ ಮೇಲಿನ ಗೌರವ ಇಮ್ಮಡಿಯಾಯಿತು.

ಇಲಿಯ ಕಾಟವೂ ಉಂಟು. ಚಳಿಗಾಲದಲ್ಲಿ ನಿಂತ ಗಾಡಿಗೆ ನುಗ್ಗಿ ತಂತಿಯ ಹೊದಿಕೆಯನ್ನು ಕಡಿದುಹಾಕುತ್ತವೆ. ಗಣಪತಿಯ ವಾಹನವು ಮನುಷ್ಯನ ವಾಹನವನ್ನು ಸಹಿಸದು. ಹಾಗೆಯೇ ಹಿಮ ಬೀಳುವ ನಾಡುಗಳಲ್ಲಿ ಕೊಳವೆಯ ನೀರು ಹೆಪ್ಪುಗಟ್ಟಿ ಕೊಳವೆಯನ್ನು ಸೀಳುತ್ತದೆಂದು ಶರತ್ಕಾಲದಲ್ಲೇ ನೀರನ್ನು ಬಸಿದು, ಹೆಪ್ಪುಗಟ್ಟದ ಗುಲಾಬಿ ಬಣ್ಣದ ದ್ರವವನ್ನು ತುಂಬಿಸಿಡುತ್ತಾರೆ. ಆದರೆ ಮೋಟಾರುಮನೆಗೆ ನಿಜವಾದ ಶತ್ರು ಮೇಲಿನಿಂದ ಬರುವ ನೀರು. ಸೂರಿನ ಮೇಲೆ ಗಾಳಿಗಂಡಿ, ತಂಪಿನ ಯಂತ್ರ, ಕೊಳವೆಯ ಬಾಯಿ ಹೀಗೆ ಹತ್ತಾರು ತೂತುಗಳು. ಪ್ರತಿಯೊಂದರ ಅಂಚಿಗೂ ಮೆತ್ತಿರುವ ಅಂಟು ಬಿಸಿಲಿಗೆ ಒಣಗಿ ಕೂದಲೆಳೆಯಷ್ಟು ಬಿರಿಯುತ್ತದೆ. ಅಷ್ಟು ಸಾಕು. ನೀರು ಗೋಡೆಯ ಒಳಗಿನ ಮರಕ್ಕೆ ಇಳಿದು ವರ್ಷಗಟ್ಟಲೆ ಮೌನವಾಗಿ ಕೊಳೆಸುತ್ತದೆ. ಒಂದು ದಿನ ಕಾಲಿಟ್ಟ ಕಡೆ ನೆಲ ಮೆತ್ತಗೆ ಕುಸಿಯುತ್ತದೆ. ಆಗ ನೋಡಿ ಪ್ರಯೋಜನವಿಲ್ಲ. ವರ್ಷಕ್ಕೆರಡು ಬಾರಿ ಏಣಿ ಹಾಕಿ ಮೇಲೇರಿ ಅಂಚುಗಳನ್ನು ಬೆರಳಿನಿಂದ ತಡವಿ ನೋಡುವುದು, ಬಿರಿದಲ್ಲಿ ಹೊಸ ಅಂಟು ಮೆತ್ತುವುದು, ಇಷ್ಟೇ ಪರಿಹಾರ. ನಮ್ಮಲ್ಲಿ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುತ್ತಿದ್ದ ಮನೆತನದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಮ್ಮಂಥ ನಾಲ್ಕು ದಿನದ ಬಾಡಿಗೆಯವರಿಗೆ ಇದೆಲ್ಲ ಕಥೆ. ಅದರಲ್ಲೇ ಬಾಳುವವರ ಮಾತು ಬೇರೆ. ನಿವೃತ್ತರಾಗಿ ಊರಿನ ಮನೆಯನ್ನು ಮಾರಿ ಮೋಟಾರುಮನೆ ಕೊಂಡವರು ಅಲ್ಲಿ ಬಹಳ ಮಂದಿ. ಊರಿನ ಮನೆ ಕೈತಪ್ಪಿ ವ್ಯಾನಿಗೆ ಬಂದವರೂ ಕಡಮೆಯಿಲ್ಲ. ೨೦೦೮ರ ಆರ್ಥಿಕ ಕುಸಿತದ ಅನಂತರ ಹೀಗೆ ಅಲೆಯತೊಡಗಿದ ವೃದ್ಧರನ್ನು ಕುರಿತು ಜೆಸ್ಸಿಕ ಬ್ರೂಡರ್ ೨೦೧೭ರಲ್ಲಿ ‘ನೊಮ್ಯಾಡ್‌ಲ್ಯಾಂಡ್’ ಎಂಬ ಪುಸ್ತಕವನ್ನು ಬರ��ದರು. ಕ್ಲೋಯಿ ಝಾವ್ ಅದನ್ನು ೨೦೨೦ರಲ್ಲಿ ಚಲನಚಿತ್ರವಾಗಿಸಿದರು. ಅದರಲ್ಲೊಂದು ದೃಶ್ಯವುಂಟು. ವ್ಯಾನು ಕೆಟ್ಟು ಗ್ಯಾರೇಜಿಗೆ ಬಂದಿದೆ. ಇಷ್ಟು ಖರ್ಚು ಮಾಡುವುದಕ್ಕಿಂತ ಇದನ್ನು ಮಾರಿ ಬೇರೊಂದನ್ನು ಕೊಳ್ಳುವುದು ಮೇಲೆಂದು ಮೆಕ್ಯಾನಿಕ್ಕು ಹೇಳುತ್ತಾನೆ. ಅವನ ಲೆಕ್ಕ ಸರಿಯಾಗಿಯೇ ಇದೆ. ಆದರೆ ಅವನ ಎದುರಿಗೆ ನಿಂತ ಫರ್ನ್ ಎಂಬ ಹೆಂಗಸಿಗೆ ಅದು ವ್ಯಾನಲ್ಲ. ಒಳಗಿನ ಒಂದೊಂದು ಹಲಗೆಯನ್ನೂ ತಾನೇ ಕೂಡಿಸಿದ ಮನೆ. ಬೇಸಗೆಯಲ್ಲಿ ದುರಸ್ತಿಯ ಅಂಗಡಿಗಳಲ್ಲಿ ಸರದಿ ವಾರಗಟ್ಟಲೆ ಕಾಯಿಸುವುದುಂಟು. ಕಾರು ಗ್ಯಾರೇಜಿಗೆ ಹೋದರೆ ನಾವು ಬಸ್ಸಿನಲ್ಲಿ ಮನೆಗೆ ಬರುತ್ತೇವೆ. ಮನೆಯೇ ಗ್ಯಾರೇಜಿಗೆ ಹೋದವರು ರಾತ್ರಿ ಎಲ್ಲಿಗೆ ಹೋಗಬೇಕು? ತಮ್ಮ ಕೈಯಿಂದಲೇ ರಿಪೇರಿ ಕಲಿಯುವ ಅವರ ಹಟದ ಹಿಂದೆ ಈ ಪ್ರಶ್ನೆಯಿದೆ.

ಅಂಥವರೊಬ್ಬರನ್ನು ನಾನು ಲೋನ್ ಪೈನ್ ಬಳಿಯ ಬಿಡಾರದಲ್ಲಿ ಕಂಡೆ. ವಿಟ್ನಿ ಶಿಖರದ ಅಡಿಯಲ್ಲಿ, ಗಾಳಿಯೂ ಅಡಗಿದ ಆ ರಾತ್ರಿಯಲ್ಲಿ, ನಮ್ಮ ಗಾಡಿಯ ನೀರಿನ ಪಂಪು ಇದ್ದಕ್ಕಿದ್ದಂತೆ ಗುರ್ ಎಂದು ಎರಡು ಕ್ಷಣ ಓಡಿ ನಿಂತಿತು. ಯಾರೂ ನಲ್ಲಿ ತಿರುಗಿಸಿರಲಿಲ್ಲ. ಇಪ್ಪತ್ತು ನಿಮಿಷದ ಮೇಲೆ ಮತ್ತೆ ಗುರ್. ಯಾರೋ ಕಾಣದವರು ನೀರು ಕುಡಿದು ಹೋಗುತ್ತಿರುವಂತಿತ್ತು. ಮೊಮ್ಮಗಳು ಹೆದರಿ ಅಜ್ಜಿಯ ಮಗ್ಗುಲು ಸೇರಿದಳು. ಬೆಳಗ್ಗೆ ಪಕ್ಕದ ಗಾಡಿಯ ಮುದುಕಿ ಕಾಫಿಯ ಲೋಟ ಹಿಡಿದು ಬಂದು, ನಿಮ್ಮ ಪಂಪು ರಾತ್ರಿ ಮಾತಾಡುತ್ತಿತ್ತಲ್ಲ ಎಂದರು. ಎಪ್ಪತ್ತರ ಆಸುಪಾಸು; ಒಬ್ಬಂಟಿ; ಗಂಡ ತೀರಿಕೊಂಡ ಮೇಲೆ ಒಂಬತ್ತು ವರ್ಷಗಳಿಂದ ಗಾಡಿಯೇ ಮನೆ. ಕೊಳವೆಯೊಳಗಿನ ಒತ್ತಡ ಇಳಿದರೆ ಪಂಪು ತಾನಾಗಿ ಎದ್ದು ಅದನ್ನು ತುಂಬಿಸುತ್ತದೆ, ಯಾರೂ ತೆರೆಯದೆ ಒತ್ತಡ ಇಳಿಯಿತೆಂದರೆ ಎಲ್ಲೋ ಸೋರುತ್ತಿದೆ, ಎಂದು ಆಕೆ ವಿವರಿಸಿದರು. ಸೋರುವ ಜಾಗ ಕಣ್ಣಿಗೆ ಕಾಣುತ್ತಿರಲಿಲ್ಲ. ಆಕೆ ತೆಳುಕಾಗದದ ಒಂದು ಚೂರನ್ನು ತೆಗೆದುಕೊಂಡು, ಮಂಡಿಯೂರಿ, ಕೊಳವೆಯ ಒಂದೊಂದು ಕೂಡುವೆಗೂ ಮುಟ್ಟಿಸುತ್ತ ಹೋದರು. ವೈದ್ಯರು ನಾಡಿ ನೋಡಿದಂತೆ. ಅಡುಗೆಯ ಕಟ್ಟೆಯ ಕೆಳಗೆ, ಗೋಡೆಯ ಮೂಲೆಯಲ್ಲಿ, ಏಳನೆಯದೋ ಎಂಟನೆಯದೋ ಕೂಡುವೆಯಲ್ಲಿ ಕಾಗದ ಒದ್ದೆಯಾಯಿತು. ಪ್ಲಾಸ್ಟಿಕ್ಕಿನ ನಟ್ಟು ಕುಲುಕಾಟಕ್ಕೆ ಸಡಿಲವಾಗಿತ್ತು. ಅಳಿಯ ಸ್ಪ್ಯಾನರ್ ತಂದ. ಅದು ಬೇಡ, ಬಿಗಿ ಹೆಚ್ಚಾದರೆ ಸೀಳುತ್ತದೆ ಎಂದು ಆಕೆ ಬೆರಳಿನಿಂದಲೇ ಕಾಲು ಸುತ್ತು ತಿರುಗಿಸಿದರು. ಪಂಪು ಸುಮ್ಮನಾಯಿತು.

ದುಡ್ಡಿನ ಮಾತೆತ್ತಿದರೆ ಕೇಳಲಿಲ್ಲ. ನಮ್ಮಾಕೆ ಆಗತಾನೆ ಕಲಸಿದ್ದ ಚಿತ್ರಾನ್ನವನ್ನು ಡಬ್ಬಿಯಲ್ಲಿ ತುಂಬಿ ಕೊಟ್ಟಳು. ಆಕೆ ಅದನ್ನು ಕೈಗೆ ತೆಗೆದುಕೊಂಡವರು ಒಲೆಯ ಕಡೆ ನೋಡಿ ನಿಂತರು. ಜ್ವಾಲೆಯ ತುದಿ ಹಳದಿಯಾಗಿತ್ತು. ಡಬ್ಬಿಯನ್ನು ಕೆಳಗಿಟ್ಟು, ಒಲೆ ಆರಿಸಿ, ಆರುವವರೆಗೆ ಕಾದು, ಬರ್ನರನ್ನು ಕಳಚಿ ಅದರ ಕೊಳವೆಯೊಳಗೆ ಬಾಟಲಿ ತೊಳೆಯುವ ಬ್ರಷ್ಷನ್ನು ಹಾಯಿಸಿದರು. ಜೇಡರ ಬಲೆಯ ಒಂದು ಪುಟ್ಟ ಉಂಡೆ ಹೊರಬಂತು. ಗ್ಯಾಸಿನ ವಾಸನೆಗೆ ಜೇಡಗಳು ಅಲ್ಲಿ ಬಂದು ಸೇರುತ್ತವಂತೆ. ಮತ್ತೆ ಕೂಡಿಸಿ ಹಚ್ಚಿದಾಗ ಉರಿ ನೀಲಿಯಾಗಿ ಎದ್ದಿತು. ಅದನ್ನು ಇನ್ನೂ ಒಂದು ನಿಮಿಷ ನೋಡಿ, ಚಿತ್ರಾನ್ನದ ಡಬ್ಬಿಯನ್ನು ಎತ್ತಿಕೊಂಡು ಆಕೆ ತಮ್ಮ ಗಾಡಿಗೆ ಹೋದರು.